ಚಳಿಗಾಲದ ರಾಣಿಯ ಪತ್ರಗಳು: ಯಾವ ಮುದ್ರಣ ಓದಬೇಕು?

ಸರ್ ಥಾಮಸ್ ರೋ ಅಂದರೆ ನಮಗೆಲ್ಲ ಶಾಲೆಯ ಒಂದು ಅಂಕದ ಪ್ರಶ್ನೆ: ಜಹಾಂಗೀರನ ಆಸ್ಥಾನಕ್ಕೆ ಬಂದ ಇಂಗ್ಲಿಷ್ ರಾಯಭಾರಿ ಯಾರು? 1619ರಲ್ಲಿ ಭಾರತ ಬಿಟ್ಟ ಮೇಲೆ ಆತ ಏನಾದ ಎಂದು ಯಾವ ಮೇಷ್ಟರೂ ಹೇಳಲಿಲ್ಲ. ರಾಜ್ಯ ಕಳೆದುಕೊಂಡ ಒಬ್ಬ ರಾಣಿಗೆ ಆತ ವರ್ಷಗಟ್ಟಲೆ ಪತ್ರ ಬರೆದು ಸಲಹೆ ಕೊಡುತ್ತಿದ್ದ.

ಆಕೆ ಎಲಿಜಬೆತ್ ಸ್ಟುವರ್ಟ್, ಇಂಗ್ಲೆಂಡಿನ ಒಂದನೇ ಜೇಮ್ಸನ ಮಗಳು. ಗಂಡ ಫ್ರೆಡರಿಕ್, ಜರ್ಮನಿಯ ಪ್ಯಾಲಟಿನೇಟ್ ಸೀಮೆಯ ಒಡೆಯ, 1619ರಲ್ಲಿ ಬೊಹೀಮಿಯಾದ (ಇಂದಿನ ಚೆಕ್ ನಾಡು) ಕಿರೀಟ ಒಪ್ಪಿಕೊಂಡ. 1620ರ ನವೆಂಬರ್‌ನಲ್ಲಿ ಪ್ರಾಗ್ ಪಕ್ಕದ ಬಿಳಿಬೆಟ್ಟದ ಕದನದಲ್ಲಿ ಎಲ್ಲ ಮುಗಿಯಿತು. ಆಳಿದ್ದು ಒಂದೇ ಚಳಿಗಾಲ, ಹೇಗ್ ನಗರದಲ್ಲಿ ದೇಶಭ್ರಷ್ಟಳಾಗಿ ಕಳೆದದ್ದು ನಲವತ್ತು ವರ್ಷ. ಆಕೆಯ ಪತ್ರಗಳನ್ನು ಮೂರು ಮುದ್ರಣಗಳಲ್ಲಿ ಓದಿ ನೋಡಿದ್ದೇನೆ.

ಮೊದಲನೆಯದು 1740ರ ದಪ್ಪ ಸಂಪುಟ. ರೋ ತುರ್ಕರ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ (ಇಂದಿನ ಇಸ್ತಾಂಬುಲ್) ರಾಯಭಾರಿಯಾಗಿದ್ದಾಗಿನ ಕಾಗದಪತ್ರಗಳು ಇದರಲ್ಲಿವೆ. ಸಂಪಾದಿಸಿದವನು ಸ್ಯಾಮ್ಯುಯೆಲ್ ರಿಚರ್ಡ್‌ಸನ್. ಪತ್ರಗಳಲ್ಲೇ ಹೇಳಿದ ಅವನ ‘ಪಮೇಲಾ’ ಕಾದಂಬರಿ ಬಂದದ್ದೂ ಅದೇ ವರ್ಷ. ಸ್ಕ್ಯಾನ್ ಪ್ರತಿ ಪುಕ್ಕಟೆ ಸಿಗುತ್ತದೆ, ಆದರೆ ಓದುವುದು ತಪಸ್ಸು. ಆ ಕಾಲದ ಅಚ್ಚಿನಲ್ಲಿ ಪದದ ನಡುವಿನ ‘ಎಸ್’ ಅಕ್ಷರ ‘ಎಫ್’ನಂತೆ ಕಾಣುತ್ತದೆ. ಕಣ್ಣು ಹೇಗೋ ಹೊಂದಿಕೊಳ್ಳುತ್ತದೆ, ಕಂಪ್ಯೂಟರ್ ಹೊಂದಿಕೊಳ್ಳುವುದಿಲ್ಲ. ‘ಹೌಸ್’ ಎಂದು ಹುಡುಕಿದರೆ ಎಷ್ಟೋ ಪುಟಗಳು ಸಿಗುವುದೇ ಇಲ್ಲ. ಸುಲ್ತಾನನ ಆಸ್ಥಾನದ ವರದಿಗಳ ನಡುವೆ ರಾಣಿಯ ಪತ್ರಗಳನ್ನು ಹುಡುಕಿ ಹೆಕ್ಕಬೇಕು.

ಎರಡನೆಯದು ಹದಿನೇಳನೇ ಶತಮಾನದ ಇಂಗ್ಲಿಷ್ ಲೇಖಕ ಜಾನ್ ಎವೆಲಿನ್‌ನ ದಿನಚರಿಯ ಹತ್ತೊಂಬತ್ತನೇ ಶತಮಾನದ ಮುದ್ರಣ. ಅದರ ಬೆನ್ನಿಗೆ ಅಂಟಿಸಿದ ಪತ್ರವ್ಯವಹಾರದಲ್ಲಿ ಸರ್ ಎಡ್ವರ್ಡ್ ನಿಕೊಲಸ್‌ಗೆ ರಾಣಿ ಬರೆದ ಪತ್ರಗಳಿವೆ. ನಿಕೊಲಸ್ ಮೊದಲು ರಾಣಿಯ ತಮ್ಮ, ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್‌ನ, ಆಮೇಲೆ ಅವನ ಮಗನ ಕಾರ್ಯದರ್ಶಿ. ಚಾರ್ಲ್ಸ್‌ನ ತಲೆ ಹೋದ ಮೇಲೆ ಅವನೂ ಊರೂರು ಅಲೆದವನೇ. ಇಲ್ಲಿ ಓದು ಸರಾಗ. ಸಿಂಹಾಸನ ಬಿಟ್ಟು ಬಂದ ಸ್ವೀಡನ್ನಿನ ಕ್ರಿಸ್ಟೀನಾಳನ್ನು 1654ರಲ್ಲಿ ನಾಟಕದಲ್ಲಿ ನೋಡಿದ ರಾಣಿ ಬರೆಯುತ್ತಾಳೆ: ಉಡುಗೆ ತೊಡುಗೆಯೆಲ್ಲ ಅತಿರೇಕ, ಮುಖ ಮಾತ್ರ ಲಕ್ಷಣವಾಗಿದೆ, ಸೌಮ್ಯವಾಗಿದೆ. ಸಿಂಹಾಸನ ಕೈತಪ್ಪಿದವಳು ಅದನ್ನು ತಾನಾಗಿ ಬಿಟ್ಟವಳನ್ನು ನೋಡುತ್ತಿದ್ದಾಳೆ! ಆದರೆ ಅಡಿಟಿಪ್ಪಣಿ ಸಾಲದು. ಆ ಕಾಲದ ಆಸ್ಥಾನಗಳ ನೆಂಟಸ್ತಿಕೆ ಗೊತ್ತಿಲ್ಲದಿದ್ದರೆ, ಯಾರದೋ ಮನೆಯ ಜಗಲಿಯಲ್ಲಿ ಕೂತು ಒಳಗಿನ ಮಾತು ಕೇಳಿಸಿಕೊಂಡಂತಾಗುತ್ತದೆ.

ಮೂರನೆಯದು ನಾಡೀನ್ ಆಕರ್‌ಮನ್ ಸಂಪಾದಿಸಿದ ಆಕ್ಸ್‌ಫರ್ಡ್ ಆವೃತ್ತಿ. ಎರಡನೇ ಸಂಪುಟ 2011ರಲ್ಲಿ, ಮೊದಲನೆಯದು 2015ರಲ್ಲಿ ಬಂತು, ಹೌದು, ಹಿಂದುಮುಂದಾಗಿಯೇ. ನನ್ನ ಓಟು ಇದಕ್ಕೆ, ಅದರಲ್ಲೂ 1632ರಿಂದ 1642ರವರೆಗಿನ ಎರಡನೇ ಸಂಪುಟಕ್ಕೆ.

ಒಂದು ಕಾರಣ ತಾರೀಖು. ಆಗ ಇಂಗ್ಲೆಂಡಿನ ಪಂಚಾಂಗ ಯುರೋಪಿನ ಬಹುಭಾಗದ್ದಕ್ಕಿಂತ ಹತ್ತು ದಿನ ಹಿಂದೆ. ಹೊಸ ವರ್ಷವೂ ಅಲ್ಲಿ ಮಾರ್ಚ್ 25ಕ್ಕೆ. ಹೇಗ್‌ನಿಂದ ಹೊರಟ ಪತ್ರಕ್ಕೆ ಲಂಡನ್ನಿನ ಉತ್ತರ ಅದಕ್ಕೂ ಮುಂಚಿನ ತಾರೀಖಿನದಾಗಿ ಕಾಣಬಹುದು. ಎರಡೂ ತಾರೀಖು ಕೊಟ್ಟಿರುವುದರಿಂದ ಯಾವ ಮಾತಿಗೆ ಯಾವ ಉತ್ತರ ಎಂದು ತಿಳಿಯುತ್ತದೆ. ಇನ್ನೊಂದು, ಗುಪ್ತಲಿಪಿ. ರಾಣಿ ಸೂಕ್ಷ್ಮ ವಿಷಯಗಳನ್ನು ಅಂಕೆಗಳಲ್ಲಿ ಬರೆಯುತ್ತಿದ್ದಳು, ಇಲ್ಲಿ ಅವನ್ನು ಬಿಡಿಸಿ ಕೊಟ್ಟಿದ್ದಾರೆ.

ಆ ಸಂಪುಟದ ಮೊದಲ ಭಾಗವೇ ಭಾರ. 1632ರ ನವೆಂಬರ್ 16ರಂದು ಲ್ಯುಟ್ಸೆನ್‌ನಲ್ಲಿ ಸ್ವೀಡನ್ ದೊರೆ ಗುಸ್ಟಾವಸ್ ಅಡಾಲ್ಫಸ್ ಸತ್ತ. 29ರಂದು ಮೈನ್ಜ್‌ನಲ್ಲಿ ಫ್ರೆಡರಿಕ್ ಜ್ವರದಿಂದ ಸತ್ತ. ನಂಬಿಕೊಂಡಿದ್ದ ದೊರೆ, ಕೈಹಿಡಿದ ಗಂಡ, ಇಬ್ಬರೂ ಹದಿನೈದು ದಿನದೊಳಗೆ ಹೋದರು. ತಮ್ಮ ಚಾರ್ಲ್ಸ್ ‘ಬಾ’ ಎಂದು ಕರೆದರೂ ಆಕೆ ತವರಿಗೆ ಹೋಗಲಿಲ್ಲ. ಗಂಡನ ಕೈತಪ್ಪಿದ ಜರ್ಮನ್ ಸೀಮೆಯ ಮೇಲಿನ ಮಗನ ಹಕ್ಕು ಬಿಟ್ಟುಕೊಟ್ಟಂತಾಗುತ್ತದೆಂಬ ಲೆಕ್ಕ. ಇಂಥವಳೇ ರೋನನ್ನು ‘ನಿಯತ್ತಿನ ಡುಮ್ಮ ಟಾಮ್’ ಎಂದು ಕರೆಯುತ್ತಾಳೆ. ನಿಕೊಲಸ್ ಜೊತೆ ಈ ಸಲಿಗೆ ಇಲ್ಲ.

ಬೆಲೆ ಮಾತ್ರ ಕೇಳಬೇಡಿ. ದೊಡ್ಡ ವಿಶ್ವವಿದ್ಯಾಲಯದ ಗ್ರಂಥಾಲಯವೇ ಗತಿ.

ಇಂಗ್ಲೆಂಡಿನ ಸರ್ಕಾರಿ ಕಡತಗಳ ವಿಕ್ಟೋರಿಯನ್ ಸಾರಾಂಶ ಸಂಪುಟಗಳನ್ನೂ ತಿರುವಿದೆ. ಪತ್ರ ಯಾವಾಗ, ಯಾರಿಗೆ ಹೋಯಿತು ಎಂದು ತಿಳಿಯಲು ಸಾಕು. ಆದರೆ ಅಲ್ಲಿ ‘ನಾನು’ ಎಂಬುದು ‘ಆಕೆ’ ಆಗುತ್ತದೆ, ಸಿಟ್ಟು ವರದಿಯಾಗುತ್ತದೆ. ಹಾಗೆ ಓದುವುದಕ್ಕಿಂತ ಓದದಿರುವುದೇ ವಾಸಿ.

ಹೊಸಬರು ನಿಕೊಲಸ್ ಪತ್ರಗಳಿಂದ ಶುರು ಮಾಡಿ. ಹೇಗೂ ಅವು 1642ರ ಆಚೆಯವು, ಈ ಎರಡು ಆಕ್ಸ್‌ಫರ್ಡ್ ಸಂಪುಟಗಳಲ್ಲಿ ಸಿಗುವುದಿಲ್ಲ. ರುಚಿ ಹತ್ತಿದರೆ ಗ್ರಂಥಾಲಯದಲ್ಲಿ ಎರಡನೇ ಸಂಪುಟ ಕೇಳಿ. 1740ರದ್ದು ರೋನ ಹಿಂದೆ ಬಿದ್ದವರಿಗೆ. ಭಾರತದಿಂದ ಹೋದ ಮನುಷ್ಯ ತುರ್ಕರ ನಾಡಿನಲ್ಲಿ ಕೂತು, ಟ್ರಾನ್ಸಿಲ್ವೇನಿಯಾದ ಅರಸ ಬೆತ್ಲೆನ್ ಗಾಬೋರನನ್ನು ರಾಣಿಯ ಪಕ್ಷಕ್ಕೆ ಎಳೆಯಲು ಪಟ್ಟ ಪಾಡು ಅದರಲ್ಲಿದೆ.