ಇಂಕ್‌ಸ್ಕೇಪ್ ರಿವ್ಯೂ: ಪಿಡಿಎಫ್‌ನಲ್ಲಿ ಮಾಯ ಆದ ಚುಕ್ಕಿ ಅಕ್ಷರಗಳು

ಅಕ್ಕನ ಮಗಳಿಗೆ ಅ ಆ ಇ ಈ ತಿದ್ದೋಕೆ ಚುಕ್ಕಿ ಅಕ್ಷರದ ಹಾಳೆ ಬೇಕಿತ್ತು. ಅಂಗಡೀಲಿ ಸಿಗೋ ಪುಸ್ತಕದಲ್ಲಿ ಒಂದಕ್ಷರಕ್ಕೆ ಒಂದೇ ಸಾಲು, ಅದನ್ನ ತಿದ್ದಿ ಮುಗಿಸಿದ ಮೇಲೆ ಮುಂದೇನು? ಹಾಗಾಗಿ ನಾನೇ ಮಾಡ್ತೀನಿ ಅಂತ ಕಂಪ್ಯೂಟರ್‌ಗೆ ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸೋ ಸಾಫ್ಟ್‌ವೇರ್ ಹಾಕ್ಕೊಂಡೆ, ದುಡ್ಡು ಕೊಡಬೇಕಾಗಿಲ್ಲ, ಓಪನ್ ಸೋರ್ಸು, 2003ರಿಂದ ಇರೋದು, ನನ್ನ ಹತ್ರ ಇರೋದು 1.4 ವರ್ಷನ್. ಎಲ್ಲದರ ರಿವ್ಯೂ ಬರೆಯೋಕೆ ನನಗೆ ಬರಲ್ಲ, ಚುಕ್ಕಿ ಗೆರೆ ಮತ್ತೆ ಪಿಡಿಎಫ್ ವಿಚಾರ ಮಾತ್ರ ಬರೀತೀನಿ, ಯಾಕಂದ್ರೆ ಅದರಲ್ಲೇ ಎರಡು ವಾರ ಹೋಯ್ತು.

ಮೊದಲು ಒಂದು ಮಾತು. ಕನ್ನಡ ಫಾಂಟ್‌ನಲ್ಲಿ ಅಕ್ಷರ ಟೈಪ್ ಮಾಡಿ ಅದಕ್ಕೆ ಡ್ಯಾಷ್, ಅಂದ್ರೆ ತುಂಡು ತುಂಡು ಗೆರೆ, ಹಾಕಿದ್ರೆ ಕೆಲಸ ಆಗಲ್ಲ. ಫಾಂಟ್ ಅಂದ್ರೆ ಅಕ್ಷರದ ಹೊರ ಅಂಚು, ಚುಕ್ಕಿ ಆ ಅಂಚಿನ ಸುತ್ತ ಬರುತ್ತೆ, ಮಗು ಪೆನ್ಸಿಲ್ ಇಡಬೇಕಾಗಿರೋ ನಡುವಿನ ದಾರೀಲಿ ಬರಲ್ಲ. ಚಿತ್ರ ನೋಡಿ ತಾನೇ ಗೆರೆ ಎಳೆಯೋ ಟ್ರೇಸ್ ಬಿಟ್‌ಮ್ಯಾಪ್ ಒಳಗೆ, ನಡುವಿನ ಗೆರೆ ಹಿಡಿಯೋಕೆ ಸೆಂಟರ್‌ಲೈನ್ ಅಂತ ಇದೆ, ನೋಡಿದೆ, ಗೆರೆ ಗೆರೆ ಸೇರೋ ಕಡೆ ಸೊಟ್ಟಗೆ ಬಂತು. ಕೊನೆಗೆ ಫಾಂಟ್ ಅಕ್ಷರ ಮಸುಕಾಗಿ ಕೆಳಗಿಟ್ಟು ಪೆನ್ ಟೂಲ್‌ನಲ್ಲಿ ಮೇಲೆ ತಿದ್ದಿದೆ, ಅಂದ್ರೆ ಮಗುಗಿಂತ ಮುಂಚೆ ನಾನೇ ಅ ಆ ಇ ಈ ತಿದ್ದಿದ್ದು. ಒಂದು ಲಾಭ ಏನಂದ್ರೆ ಎಲ್ಲಿಂದ ಶುರು ಮಾಡ್ತೀವೋ ಅಲ್ಲೇ ಮೊದಲ ಚುಕ್ಕಿ ಬೀಳುತ್ತೆ, ಉಲ್ಟಾ ಬರೆದಿದ್ರೆ ಪಾತ್ ಮೆನುವಲ್ಲಿ ರಿವರ್ಸ್ ಒತ್ತಿದ್ರೆ ಸರಿ.

ಚುಕ್ಕಿ ಹಾಕೋದು ಫಿಲ್ ಅಂಡ್ ಸ್ಟ್ರೋಕ್ ಪ್ಯಾನೆಲ್‌ನಲ್ಲಿ. 1.2 ಬಂದಾಗಿನಿಂದ ನಮಗೆ ಬೇಕಾದ ಅಳತೇನ ಅಲ್ಲೇ ಟೈಪ್ ಮಾಡಬಹುದು, ಇದು ನಿಜವಾಗ್ಲೂ ದೊಡ್ಡ ಉಪಕಾರ. ಆ ಸಂಖ್ಯೆಗಳು ಮಿಲಿಮೀಟರ್ ಅಲ್ಲ, ಗೆರೆಯ ದಪ್ಪದ ಎಷ್ಟು ಪಟ್ಟು ಅಂತ, ಅದಕ್ಕೆ ನಾನು ದಪ್ಪ 1 ಮಿ.ಮೀ. ಇಟ್ಕೊಂಡುಬಿಡ್ತೀನಿ, ಲೆಕ್ಕ ಸುಲಭ. ಗುಂಡು ಚುಕ್ಕಿ ಬೇಕಂದ್ರೆ ಡ್ಯಾಷ್ ಉದ್ದ 0, ಅಂತರ 3, ಕ್ಯಾಪ್ (ಗೆರೆ ತುದಿಯ ಆಕಾರ) ರೌಂಡ್. ಉದ್ದವೇ ಇಲ್ಲದ ಡ್ಯಾಷ್‌ನ ಎರಡೂ ತುದೀಲಿ ಅರ್ಧರ್ಧ ಗುಂಡು ಕೂತಾಗ ಪೂರ್ತಿ ಚುಕ್ಕಿ ಆಗುತ್ತೆ. ಸ್ಕ್ರೀನ್ ಮೇಲೆ ಮುತ್ತು ಪೋಣಿಸಿದ ಹಾಗೆ ಬಂತು ನೋಡಿ, ನನಗೇ ಹೆಮ್ಮೆ ಆಯ್ತು.

ಪಿಡಿಎಫ್ ಮಾಡಿ ಪೆನ್‌ಡ್ರೈವ್‌ಗೆ ಹಾಕ್ಕೊಂಡು ನಮ್ಮ ಬೀದಿ ಜೆರಾಕ್ಸ್ ಅಂಗಡಿಗೆ ಹೋದೆ. ಅವರು ಒಂದು ಎ4ನಲ್ಲಿ ಎರಡು ಪುಟ ಕೂರಿಸೋಕೆ ಯಾವುದೋ ಸಾಫ್ಟ್‌ವೇರ್‌ನಲ್ಲಿ ಓಪನ್ ಮಾಡಿದ್ರು. "ಮೇಡಂ, ಹಾಳೇಲಿ ಬರೀ ಗೆರೆ ಮಾತ್ರ ಇದೆಯಲ್ಲ, ಅಕ್ಷರ ಎಲ್ಲಿ?" ನೋಡಿದ್ರೆ ಎರಡು ಗೆರೆ ಕಾಪಿ ಥರ ಖಾಲಿ ಗೆರೆ ಅಷ್ಟೇ, ಅಕ್ಷರ ಒಂದೂ ಇಲ್ಲ! ಮನೇಲಿ ನನ್ನ ಲ್ಯಾಪ್‌ಟಾಪ್‌ನಲ್ಲಿ ಅದೇ ಫೈಲ್ ಚೆನ್ನಾಗಿತ್ತು.

ಆಮೇಲೆ ಅರ್ಥ ಆಗಿದ್ದು ಏನಂದ್ರೆ, ಪಿಡಿಎಫ್ ಒಳಗೆ ಚುಕ್ಕಿಗಳು ಇರೋದೇ ಇಲ್ಲ. ಇರೋದು ಒಂದು ಗೆರೆ, ಇಷ್ಟು ದಪ್ಪ, ಇಷ್ಟಿಷ್ಟು ದೂರಕ್ಕೆ ಚುಕ್ಕಿ ಇಡು, ತುದಿ ಗುಂಡಗಿರಲಿ ಅಂತ ಒಂದು ಸೂಚನೆ. ರಂಗೋಲಿ ಹಾಕಿ ಕಳಿಸೋದು ಬಿಟ್ಟು "ಹದಿನೈದು ಚುಕ್ಕಿ, ಸಾಲು ಬಿಟ್ಟು ಸಾಲು" ಅಂತ ಹೇಳಿಕಳಿಸಿದ ಹಾಗೆ, ಚುಕ್ಕಿ ಇಡೋರು ಆ ಕಡೆಯವರು. ಅವರ ಸಾಫ್ಟ್‌ವೇರು ಗುಂಡು ಕ್ಯಾಪ್ ಅನ್ನೋದನ್ನ ಬಿಟ್ಟು ಚಪ್ಪಟೆ ಕ್ಯಾಪ್ ತಗೊಂಡ್ರೆ ಸೊನ್ನೆ ಉದ್ದದ ಡ್ಯಾಷ್‌ಗೆ ಉಳಿಯೋದು ಏನು, ಸೊನ್ನೆ. ಏನೂ ಪ್ರಿಂಟ್ ಆಗಲ್ಲ. ಇದರಲ್ಲಿ ಇಂಕ್‌ಸ್ಕೇಪ್ ತಪ್ಪಿಲ್ಲ.

ಮೊದಲ ಪರಿಹಾರ ನಗು ಬರೋವಷ್ಟು ಚಿಕ್ಕದು, 0 ಬದಲು 0.01 ಹಾಕೋದು. ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ, ಆದರೆ ಉದ್ದ ಅಂತ ಒಂದು ಇರುತ್ತೆ, ಸೊನ್ನೆ ಕಂಡ್ರೆ ತಡವರಿಸೋ ವ್ಯೂವರ್‌ಗಳು ಇದಕ್ಕೆ ಒಪ್ತಾವೆ. ಕ್ಯಾಪನ್ನೇ ಮರೆಯೋ ಸಾಫ್ಟ್‌ವೇರ್‌ಗೆ ಇದೂ ಸಾಲಲ್ಲ, ಅಲ್ಲಿ ಕೂದಲೆಳೆ ಥರ ಗೀಟು ಬರುತ್ತೆ. ಅಂಥ ಅಂಗಡಿಗೆ ಕೊಡೋ ಫೈಲ್‌ಗೆ ಗುಂಡು ಚುಕ್ಕಿ ಆಸೆ ಬಿಟ್ಟು ಉದ್ದ 1, ಅಂತರ 2 ಅಂತ ಗಿಡ್ಡ ಡ್ಯಾಷ್ ಹಾಕಿ, ಯಾವ ಕ್ಯಾಪ್ ಬಂದ್ರೂ ಏನೋ ಒಂದು ಕಾಣುತ್ತೆ. ಮಗುಗೆ ಚುಕ್ಕಿ ಚೌಕ ಆದ್ರೇನು ಗುಂಡಗಾದ್ರೇನು.

ಉದ್ದ ಡ್ಯಾಷ್‌ಗಳಿಗೆ ಇನ್ನೊಂದು ದಾರಿ, ಎಕ್ಸ್‌ಟೆನ್ಶನ್ಸ್ ಮೆನುವಲ್ಲಿ ಮಾಡಿಫೈ ಪಾತ್ ಒಳಗೆ ಕನ್ವರ್ಟ್ ಟು ಡ್ಯಾಷಸ್. ಇದು ಸೂಚನೆ ತೆಗೆದು ಗೆರೇನ ನಿಜವಾಗ್ಲೂ ತುಂಡು ತುಂಡು ಮಾಡುತ್ತೆ. ಚೌಕ ವೃತ್ತ ಇದ್ರೆ ಮೊದಲು ಆಬ್ಜೆಕ್ಟ್ ಟು ಪಾತ್ ಒತ್ತಿ ಪಾತ್, ಅಂದ್ರೆ ಬರೀ ಗೆರೆಯ ದಾರಿ, ಮಾಡ್ಕೊಳ್ಳಿ. ಕಾರ್ಡ್ ಸುಲಭವಾಗಿ ಹರಿಯಲಿ ಅಂತ ಚುಕ್ಕಿ ಗೆರೆ ಕೊರೆಸೋಕೆ ಕಟಿಂಗ್ ಮಷಿನ್‌ಗೆ ಕೊಡೋರಂತೂ ಇದನ್ನ ಮಾಡಲೇಬೇಕು, ಎಷ್ಟೋ ಕಟಿಂಗ್ ಸಾಫ್ಟ್‌ವೇರ್‌ಗಳು ಪಾತ್ ಮಾತ್ರ ನೋಡೋದು, ಡ್ಯಾಷ್ ಅಂತ ಬರೆದಿದ್ರೂ ಉದ್ದಕ್ಕೂ ಕತ್ತರಿಸಿ ಇಡುತ್ತೆ. ಒರಿಜಿನಲ್ ಎಸ್‌ವಿಜಿ (ಇಂಕ್‌ಸ್ಕೇಪ್‌ನ ಸ್ವಂತ ಫೈಲ್) ಬೇರೆ ಹೆಸರಲ್ಲಿ ಸೇವ್ ಮಾಡಿಟ್ಟುಕೊಳ್ಳಿ ಪ್ಲೀಸ್, ತುಂಡು ಮಾಡಿದ ಮೇಲೆ ಅಂತರ ಬದಲಾಯಿಸೋಕೆ ಆಗಲ್ಲ, ನನಗೆ ಇದು ಕ ಖ ಗ ಘ ಎಲ್ಲ ಮತ್ತೆ ಬರೆದು ಗೊತ್ತಾಯ್ತು.

ಅಂಗಡಿಗೆ ಓಡೋ ಮುಂಚೆ ಮನೇಲೇ ನೋಡೋದು ಹೇಗೆ? ಪಿಡಿಎಫ್‌ನ ಎರಡು ಬೇರೆ ಬೇರೆ ವ್ಯೂವರ್‌ನಲ್ಲಿ ತೆರೆದು 800%ಗೆ ಜೂಮ್ ಮಾಡಿ. ಜೂಮ್‌ನಲ್ಲಿ ಚುಕ್ಕಿ ಬಿಡಿಬಿಡಿಯಾಗಿದ್ದು 100%ನಲ್ಲಿ ಮಾತ್ರ ಅಂಟಿಕೊಂಡ ಹಾಗೆ ಕಂಡ್ರೆ ಅದು ಸ್ಕ್ರೀನ್ ತೋರಿಸೋ ರೀತಿ, ಫೈಲ್ ಸರಿ ಇದೆ. ಆಕ್ರೊಬ್ಯಾಟ್‌ನಲ್ಲಿ ಎನ್‌ಹ್ಯಾನ್ಸ್ ಥಿನ್ ಲೈನ್ಸ್ ಅಂತ ಒಂದು ಸೆಟಿಂಗ್ ಇದೆ, ಸಣ್ಣ ಗೆರೆಗಳನ್ನ ದಪ್ಪ ಮಾಡಿ ತೋರಿಸೋದು ಅದೇ, ತೆಗೆದು ನೋಡಿ. ಜೂಮ್‌ನಲ್ಲೂ ಮಸುಕು ಮಸುಕಾಗಿದ್ರೆ ಆ ಗೆರೆಗೆ ಬ್ಲರ್ ಅಥವಾ ಬೇರೆ ಫಿಲ್ಟರ್ ಏನಾದ್ರೂ ಹಾಕಿದೀರಾ ನೋಡ್ಕೊಳ್ಳಿ, ಫಿಲ್ಟರ್ ಇರೋದು ಪಿಡಿಎಫ್‌ಗೆ ಹೋಗುವಾಗ ಚಿತ್ರ ಆಗಿಬಿಡುತ್ತೆ.

ಬೂದು ಬಣ್ಣದ ಬಗ್ಗೆ ಒಂದು. ಮಗು ತಿದ್ದೋಕೆ ಚುಕ್ಕಿ ತೆಳು ಬೂದು ಇದ್ರೆ ಚೆನ್ನ ಅಂತ ಎಲ್ಲರಿಗೂ ಅನ್ಸುತ್ತೆ. ಆದರೆ ಕಪ್ಪು ಟೋನರ್ ಪ್ರಿಂಟರ್ ಹತ್ರ ಬೂದು ಎಲ್ಲಿಂದ ಬರಬೇಕು, ಅದು ಸಣ್ಣ ಸಣ್ಣ ಕಪ್ಪು ಬಿಂದು ಹಾಕಿ ಬೂದು ಅಂತ ನಂಬಿಸುತ್ತೆ, ಚುಕ್ಕಿಯೊಳಗೆ ಮತ್ತೆ ಚುಕ್ಕಿ, ನಮ್ಮ ಚುಕ್ಕಿ ತೀರ ಸಣ್ಣದಿದ್ರೆ ಅಂಚು ಹರಿದುಹೋಗಿ ಧೂಳು ಬಿದ್ದ ಹಾಗೆ ಕಾಣುತ್ತೆ. ಪೂರ್ತಿ ಕಪ್ಪಿಟ್ಟು ಅಂತರ ಜಾಸ್ತಿ ಮಾಡೋದೇ ವಾಸಿ. ಪ್ರಿಂಟ್ ಮಾಡುವಾಗ ಫಿಟ್ ಟು ಪೇಜ್ ಬೇಡ ಅಂತ ಅಂಗಡಿ ಅಣ್ಣನಿಗೆ ಹೇಳಿ, ಇಲ್ಲಾಂದ್ರೆ ಎಲ್ಲಾ ಅಳತೆನೂ ಸ್ವಲ್ಪ ಕುಗ್ಗಬಹುದು.

ಈಗ ನನ್ನ ನಿಜವಾದ ದೂರು. ಸೊನ್ನೆ ತಿದ್ದೋ ಹಾಳೆ ಮಾಡಿದೆ, 30 ಮಿ.ಮೀ. ಅಡ್ಡಳತೆ, ಸುತ್ತಳತೆ ಸುಮಾರು 94.25. ಚುಕ್ಕಿಯಿಂದ ಚುಕ್ಕಿಗೆ 3 ಮಿ.ಮೀ. ಅಂದ್ರೆ 31 ಸಲ ಹೋಗಿ ಒಂದೂಕಾಲು ಮಿ.ಮೀ. ಉಳಿಯುತ್ತೆ, ಕೊನೇ ಚುಕ್ಕಿ ಮೊದಲನೇದರ ಪಕ್ಕಕ್ಕೇ ಬಂದು ಒತ್ತರಿಸಿಕೊಂಡು ಕೂರುತ್ತೆ. 94.25ನ 31ರಿಂದ ಭಾಗಿಸಿ 3.04 ಬರೋ ಹಾಗೆ, ಅಂದ್ರೆ ಡ್ಯಾಷ್ 0.01, ಅಂತರ 3.03 ಅಂತ ಕೊಟ್ರೆ ಸಮ ಆಗುತ್ತೆ, ಉದ್ದ ಅಳೆಯೋಕೆ ಎಕ್ಸ್‌ಟೆನ್ಶನ್ಸ್‌ನಲ್ಲೇ ಮೆಷರ್ ಪಾತ್ ಇದೆ. ಚೌಕದ ಮೂಲೆಗಳಲ್ಲೂ ಇದೇ ಕಥೆ, ಒಂದು ಮೂಲೇಲಿ ಡ್ಯಾಷ್, ಇನ್ನೊಂದರಲ್ಲಿ ಖಾಲಿ. ಅಡೋಬಿಯ ಚಿತ್ರ ಬಿಡಿಸೋ ಸಾಫ್ಟ್‌ವೇರ್ ಇಲಸ್ಟ್ರೇಟರ್‌ನಲ್ಲಿ ಡ್ಯಾಷ್‌ನ ಮೂಲೆಗೆ ಹೊಂದಿಸೋ ಬಟನ್ ಸಿಎಸ್5 ವರ್ಷನ್ ಕಾಲದಿಂದ ಇದೆ, ಇಲ್ಲಿ ಕ್ಯಾಲ್ಕುಲೇಟರ್ ಹಿಡ್ಕೊಂಡು ಕೂರಬೇಕು.

ಅದಕ್ಕೇ ಒಂದು ಸ್ಟಾರ್ ಕಟ್, ನಾಲ್ಕು ಕೊಟ್ಟಿದೀನಿ. ಈಗ ಪಕ್ಕದ ಮನೆ ಇಬ್ಬರು ಮಕ್ಕಳೂ ಹಾಳೆ ಕೇಳ್ತಿದಾರೆ, ಒತ್ತಕ್ಷರ ಇನ್ನೂ ಶುರುನೇ ಮಾಡಿಲ್ಲ.