ಕ್ಲಾಸ್‌ನೊಳಗೆ ಬಟನ್, ಸ್ಲೈಡರ್: ಕಂಟ್ರೋಲ್‌ಪಿ5 ಮತ್ತು ಪಿ5.ಜೆಎಸ್ ಹೋಲಿಕೆ

ಪರದೆಯ ಮೇಲಿನ ಪ್ರತಿ ಚೆಂಡಿಗೂ ತನ್ನದೇ ಸ್ಲೈಡರ್ ಮತ್ತು ಬಟನ್ ಇರಬೇಕು, ಒತ್ತಿದಾಗ ಆ ಚೆಂಡು ಮಾತ್ರ ಬದಲಾಗಬೇಕು, ಈ ಏರ್ಪಾಡೆಲ್ಲ ಚೆಂಡಿನ ಕ್ಲಾಸ್‌ನೊಳಗೇ, ಅಂದರೆ ಚೆಂಡಿನ ಗುಣ ಮತ್ತು ಕೆಲಸಗಳನ್ನು ಒಟ್ಟಿಗೆ ಬರೆದಿಡುವ ಕೋಡ್‌ನ ಅಚ್ಚಿನೊಳಗೇ, ಮುಗಿಯಬೇಕು. ಇಷ್ಟು ಬೇಡಿಕೆ ಇಟ್ಟುಕೊಂಡು ಒಂದೇ ಸ್ಕೆಚ್ಚನ್ನು (ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಮನ್ನು) ಕೋಡ್ ಬರೆದು ಚಿತ್ರ ಬಿಡಿಸುವ ಪ್ರೊಸೆಸಿಂಗ್‌ನಲ್ಲಿ, ಬಟನ್ ಸ್ಲೈಡರ್‌ಗಳನ್ನು ಒದಗಿಸುವ ಕಂಟ್ರೋಲ್‌ಪಿ5 ಲೈಬ್ರರಿ ಬಳಸಿ ಒಮ್ಮೆ, ಬ್ರೌಸರ್‌ನಲ್ಲಿ ಓಡುವ ಅದರ ಜಾವಾಸ್ಕ್ರಿಪ್ಟ್ ರೂಪವಾದ ಪಿ5.ಜೆಎಸ್‌ನಲ್ಲಿ ಇನ್ನೊಮ್ಮೆ ಬರೆದು ನೋಡಿದೆ. ನನ್ನ ಒಲವು ಪಿ5.ಜೆಎಸ್ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಹೊಸಬರನ್ನು ಹೆಚ್ಚು ಗೋಳುಹೊಯ್ದುಕೊಳ್ಳುವುದೂ ಅದೇ.

ಆಂಡ್ರಿಯಾಸ್ ಶ್ಲೆಗೆಲ್ ರೂಪಿಸಿದ ಕಂಟ್ರೋಲ್‌ಪಿ5 ಕ್ಲಾಸ್‌ಗಳಿಲ್ಲದ ಸ್ಕೆಚ್‌ನಲ್ಲಿ ಬಹಳ ಸೊಗಸಾಗಿ ಕೆಲಸ ಮಾಡುತ್ತದೆ. ಸ್ಲೈಡರ್‌ಗೆ ಒಂದು ವೇರಿಯೇಬಲ್‌ನ ಹೆಸರನ್ನೇ ಕೊಟ್ಟರೆ ಎರಡೂ ತಾವಾಗಿಯೇ ಜೋಡಿಯಾಗುತ್ತವೆ. ಕ್ಲಾಸ್‌ನೊಳಗೆ ಕಾಲಿಟ್ಟ ಕೂಡಲೇ ಈ ಸುಖ ಮುಗಿಯುತ್ತದೆ. ಲೈಬ್ರರಿಯನ್ನು ಆರಂಭಿಸುವಾಗ ಕೊಡುವ ‘ದಿಸ್’ (ಕೋಡ್‌ನಲ್ಲಿ ‘ಈ ಆಬ್ಜೆಕ್ಟ್’ ಎಂದು ಸೂಚಿಸುವ ಪದ) ಮುಖ್ಯ ಸ್ಕೆಚ್ ಆಗಿರಬೇಕು. ಕ್ಲಾಸ್‌ನೊಳಗೆ ಅದೇ ಪದ ಚೆಂಡನ್ನು ಸೂಚಿಸುವುದರಿಂದ ಅಂಥ ಕನ್‌ಸ್ಟ್ರಕ್ಟರೇ (ಹೊಸ ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್) ಇಲ್ಲವೆಂದು ಪ್ರೊಸೆಸಿಂಗ್ ಓಡುವ ಮೊದಲೇ ತಡೆಯುತ್ತದೆ. ಆರಂಭದಲ್ಲಿ ಒಮ್ಮೆ ಓಡುವ ಸೆಟಪ್‌ನಲ್ಲಿ ಲೈಬ್ರರಿಯ ಒಂದೇ ಆಬ್ಜೆಕ್ಟ್ ಮಾಡಿ, ಅದನ್ನು ಪ್ರತಿ ಚೆಂಡಿನ ಕನ್‌ಸ್ಟ್ರಕ್ಟರ್‌ಗೆ ಕಳಿಸುವುದೇ ಇದಕ್ಕೆ ಸರಳ ದಾರಿ. ಜೊತೆಗೆ ಪ್ರತಿ ಸ್ಲೈಡರ್‌ನ ಹೆಸರೂ ಬೇರೆಬೇರೆ ಇರಬೇಕು, ಇಲ್ಲವಾದರೆ ಹೊಸದು ಹಳೆಯದರ ಜಾಗವನ್ನು ಕಬಳಿಸುತ್ತದೆ. ಹೆಸರಿನ ಬಾಲಕ್ಕೆ ಸಂಖ್ಯೆ ಸೇರಿಸಿದರೆ ವೇರಿಯೇಬಲ್‌ನೊಂದಿಗೆ ತಾನಾಗಿ ಆಗುತ್ತಿದ್ದ ಜೋಡಣೆ ತಪ್ಪುತ್ತದೆ, ಆಗ ‘ಪ್ಲಗ್‌ಟು’ ಬರೆದು ಕೈಯಾರೆ ಜೋಡಿಸಬೇಕು. ಹಾಗೆ ಜೋಡಿಸಿದ ಮೇಲೆ ಆರಂಭದ ಮೌಲ್ಯ ಕೊಟ್ಟರೆ, ಯಾರೂ ಏನನ್ನೂ ಮುಟ್ಟದಿದ್ದರೂ ಈವೆಂಟ್ (ಮೌಲ್ಯ ಬದಲಾಯಿತೆಂಬ ಸೂಚನೆ) ಒಮ್ಮೆ ಹೊರಡುತ್ತದೆ. ಅದನ್ನು ತಡೆಯಲು ‘ಸೆಟ್‌ಬ್ರಾಡ್‌ಕಾಸ್ಟ್’ ಅನ್ನು ಆರಿಸಿ ಮತ್ತೆ ಹೊತ್ತಿಸಬೇಕು. ಇವೆಲ್ಲಕ್ಕೂ ಪರಿಹಾರ ಉಂಟು, ಆದರೆ ಪ್ರತಿ ಪರಿಹಾರವೂ ಚೆಂಡಿನ ಕ್ಲಾಸನ್ನು ಹೊರಗಿನ ಸ್ಕೆಚ್‌ಗೆ ಇನ್ನೊಂದು ಗಂಟು ಹಾಕುತ್ತದೆ.

ಪಿ5.ಜೆಎಸ್‌ನಲ್ಲಿ ಹೆಸರಿನ ರಗಳೆ ಇಲ್ಲ. ಕನ್‌ಸ್ಟ್ರಕ್ಟರ್‌ನಲ್ಲಿಯೇ ‘ಕ್ರಿಯೇಟ್‌ಬಟನ್’ ಎಂದು ಬರೆದು, ಅದರ ‘ಮೌಸ್‌ಪ್ರೆಸ್ಡ್’ಗೆ ಕ್ಲಾಸ್‌ನದೇ ಒಂದು ಮೆಥಡ್ (ಕ್ಲಾಸ್‌ನೊಳಗೆ ಬರೆದ ಫಂಕ್ಷನ್) ಕೊಟ್ಟರೆ ಕೆಲಸ ಮುಗಿದಂತೆ ಕಾಣುತ್ತದೆ. ಬಟನ್ ಒತ್ತಿದಾಗ ಮೆಥಡ್ ಓಡುತ್ತದೆ, ಕೆಂಪು ಅಕ್ಷರದ ದೋಷಸಂದೇಶ ಯಾವುದೂ ಬರುವುದಿಲ್ಲ, ಆದರೂ ಚೆಂಡು ಮಾತ್ರ ಜಪ್ಪಯ್ಯ ಎಂದರೂ ಅಲುಗುವುದಿಲ್ಲ.

ಕಾರಣವೇನೆಂದರೆ, ಹಾಗೆ ಬರಿದೇ ಕೊಟ್ಟ ಮೆಥಡ್ ಓಡುವಾಗ ಅದರೊಳಗಿನ ‘ದಿಸ್’ ಚೆಂಡನ್ನು ಬಿಟ್ಟು ಬಟನ್ನನ್ನು ಸೂಚಿಸುತ್ತದೆ. ‘ದಿಸ್.ತ್ರಿಜ್ಯ’ಕ್ಕೆ 10 ಕೂಡಿಸು ಎಂದರೆ, ಬಟನ್‌ಗೆ ತ್ರಿಜ್ಯವೇ ಇಲ್ಲದ್ದರಿಂದ, ಇಲ್ಲದ ಮೌಲ್ಯಕ್ಕೆ 10 ಕೂಡಿ ಸಂಖ್ಯೆಯೇ ಅಲ್ಲದ ‘ನ್ಯಾನ್’ ಒಂದು ಬಟನ್‌ನ ಮೈಮೇಲೆ ಹೊಸ ಗುಣವಾಗಿ ಅಂಟಿಕೊಳ್ಳುತ್ತದೆ. ‘ದಿಸ್.ಎಕ್ಸ್’ನ ಪಾಡು ಇನ್ನೂ ವಿಚಿತ್ರ. ಬಟನ್ನನ್ನು ‘ಪೊಸಿಷನ್’ ಹೇಳಿ 20, 40ರಲ್ಲಿ ಕೂರಿಸಿದ್ದರೆ ಬಟನ್‌ಗೂ ಒಂದು ಎಕ್ಸ್ ಇರುತ್ತದೆ. ಆದ್ದರಿಂದ ಒತ್ತಿದಾಗಲೆಲ್ಲ ಅದಕ್ಕೆ 10 ಕೂಡಿಸುತ್ತ ಕನ್ಸೋಲ್‌ನಲ್ಲಿ ಅಚ್ಚುಹಾಕಿ ನೋಡಿದರೆ 20, 30, 40 ಎಂದು ಸಂಖ್ಯೆ ನ್ಯಾಯವಾಗಿಯೇ ಏರುತ್ತಿರುತ್ತದೆ, ಪರದೆಯಲ್ಲಿ ಚೆಂಡೂ ಕದಲದು, ಬಟನ್ನೂ ಕದಲದು. ಸರಿಯಾದ ಸಂಖ್ಯೆಯನ್ನು ಕಣ್ಣಾರೆ ಕಂಡವರು ಚಿತ್ರ ಬಿಡಿಸುವ ಭಾಗದಲ್ಲಿ ತಪ್ಪು ಹುಡುಕುತ್ತ ಕೂರುವುದು ಸಹಜ.

ಮದ್ದು ಒಂದೇ ಸಾಲಿನದು. ಮೆಥಡ್‌ನ ಹೆಸರನ್ನು ಬರಿದೇ ಕೊಡದೆ, ಅದನ್ನು ಕರೆಯುವ ಪುಟ್ಟ ಆ್ಯರೋ ಫಂಕ್ಷನ್ ಬರೆದು ಕೊಡಬೇಕು. ಆ್ಯರೋ ಫಂಕ್ಷನ್‌ಗೆ ಸ್ವಂತದ ‘ದಿಸ್’ ಇರುವುದಿಲ್ಲ, ಹುಟ್ಟಿದ ಜಾಗದ್ದನ್ನೇ ಅದು ಹಿಡಿದುಕೊಂಡಿರುತ್ತದೆ. ಹುಟ್ಟಿದ್ದು ಚೆಂಡಿನ ಕನ್‌ಸ್ಟ್ರಕ್ಟರ್‌ನಲ್ಲಾದ್ದರಿಂದ ಅದು ಚೆಂಡೇ ಆಗಿರುತ್ತದೆ. ‘ದಿಸ್’ ಯಾವುದೆಂದು ಕಟ್ಟಿಹಾಕುವ ‘ಬೈಂಡ್’ ಬಳಸಿದರೂ ಫಲ ಅದೇ, ಆದರೆ ಓದುವಾಗ ಆ್ಯರೋ ಹೆಚ್ಚು ನೇರ.

ಸ್ಲೈಡರ್‌ಗಾದರೋ ನಾನು ಈವೆಂಟ್ ಗೋಜಿಗೇ ಹೋಗುವುದಿಲ್ಲ; ಪರದೆಯನ್ನು ಮತ್ತೆ ಮತ್ತೆ ಬಿಡಿಸುವ ಡ್ರಾ ಓಡಿದಾಗಲೆಲ್ಲ ಚೆಂಡು ತನ್ನ ಸ್ಲೈಡರ್‌ನ ಮೌಲ್ಯವನ್ನು ತಾನೇ ಓದಿಕೊಳ್ಳುತ್ತದೆ. ಎಳೆದು ಬಿಟ್ಟ ಮೇಲಷ್ಟೇ ಭಾರವಾದ ಲೆಕ್ಕ ನಡೆಯಬೇಕಿದ್ದರೆ ‘ಚೇಂಜ್ಡ್’ ಇದೆ, ಎಳೆಯುತ್ತಿರುವಾಗಲೂ ಬೇಕಿದ್ದರೆ ‘ಇನ್‌ಪುಟ್’ ಇದೆ.

ಚೆಂಡನ್ನು ಪಟ್ಟಿಯಿಂದ ಅಳಿಸಿದರೆ ಅದರ ಬಟನ್ ತಾನಾಗಿ ಹೋಗುವುದಿಲ್ಲ. ಕಂಟ್ರೋಲ್‌ಪಿ5, ಪಿ5.ಜೆಎಸ್ ಎರಡರಲ್ಲೂ ಬಟನ್‌ಗೆ ‘ರಿಮೂವ್’ ಹೇಳಲೇಬೇಕು.

ನಾನು ಬರೆಯುವುದು ಹಳೆಯ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ, ತೋರಿಸುವುದು ಗೆಳೆಯರ ಮೊಬೈಲ್‌ಗಳಿಗೆ ಕೊಂಡಿ ಕಳಿಸಿ. ಹೊಸ ಯಂತ್ರಕ್ಕೆ ಹಣ ಹಾಕುವ ಯೋಚನೆ ಸದ್ಯಕ್ಕಿಲ್ಲ. ಹೀಗಾಗಿ ‘ದಿಸ್’ನ ಕಾಟವಿದ್ದರೂ ಪಿ5.ಜೆಎಸ್ ನನಗೆ ಸಾಕು. ತಿರುಗಿಸುವ ನಾಬ್, ಅಡ್ಡಕ್ಕೂ ಉದ್ದಕ್ಕೂ ಎಳೆಯಬಹುದಾದ ಸ್ಲೈಡರ್ ಮೊದಲಾದವು ಸಿದ್ಧವಾಗಿಯೇ ಬೇಕೆನ್ನುವವರಿಗೆ ಕಂಟ್ರೋಲ್‌ಪಿ5 ಒಳ್ಳೆಯದು, ಪಿ5.ಜೆಎಸ್‌ನಲ್ಲಿ ಅವನ್ನು ನಾವೇ ಬರೆದುಕೊಳ್ಳಬೇಕಾಗುತ್ತದೆ.