ಚೀಲದ ಫೀಡ್, ಜೋಳದ ನುಚ್ಚು, ಹಸಿ ಕರಿಕೆ: ಮೂರು ತಂಡ ಹೆಬ್ಬಾತು ಸಾಕಿ ಕಂಡದ್ದು

ನಮ್ಮ ಹಿತ್ತಿಲಿನ ಗಂಡು ಹೆಬ್ಬಾತಿನ ಎಡರೆಕ್ಕೆಯ ತುದಿ ಹೊರಕ್ಕೆ ತಿರುಚಿಕೊಂಡಿದೆ. ಮೈಗೆ ಅಂಟಿಕೊಂಡು ಮಡಚಬೇಕಾದ ಗರಿಗಳು ಪಕ್ಕಕ್ಕೆ ಚಾಚಿಕೊಂಡು ಗೋಡೆಗೆ, ಬೇಲಿಗೆ ಉಜ್ಜುತ್ತವೆ. ಇದು ಹುಟ್ಟಿನಿಂದ ಬಂದದ್ದಲ್ಲ, ನಾನು ಹಾಕಿದ ಮೇವಿನಿಂದ ಆದದ್ದು. ಆ ರೆಕ್ಕೆ ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಹೊಸದಾಗಿ ಮರಿ ತರುವವರಿಗೆ ಇದನ್ನು ಹೇಳಲೇಬೇಕು ಎನಿಸಿತು.

ಅದು ಮೊದಲ ತಂಡದ ಮರಿ. ವಿಜಯಪುರದಲ್ಲಿ ಯಾರನ್ನು ಕೇಳಿದರೂ ‘ಕೋಳಿಗೆ ಹಾಕುವುದನ್ನೇ ಹಾಕಿರಿ’ ಎಂದರು. ಬ್ರಾಯ್ಲರ್ ಮರಿಗಳ ಫೀಡ್ ಒಂದು ಚೀಲ ತಂದೆ. ಮರಿಗಳು ವಾರವಾರಕ್ಕೂ ಕಣ್ಣಿಗೆ ಕಾಣುವಂತೆ ಬೆಳೆದವು, ನನಗೆ ಹಿಗ್ಗೋ ಹಿಗ್ಗು. ಆ ಫೀಡಿನಲ್ಲಿ ಶೇ 22ರ ಆಸುಪಾಸಿನಲ್ಲಿ ಪ್ರೋಟೀನ್ ಇರುತ್ತದೆ. ಮೊದಲ ಮೂರು ವಾರ ಹೆಬ್ಬಾತಿನ ಮರಿಗೂ ಹೆಚ್ಚುಕಡಿಮೆ ಅಷ್ಟೇ ಬೇಕು. ಆಮೇಲೆ ಶೇ 15–16ಕ್ಕೆ ಇಳಿಸಬೇಕಿತ್ತು. ನಾನು ಎಂಟು ವಾರವೂ ಅದನ್ನೇ ಸುರಿದೆ. ರಕ್ತ ತುಂಬಿದ ಹೊಸ ಗರಿಗಳು ಬೇಗ ಬೆಳೆದು ಭಾರವಾದವು, ಎಳೆಯ ಕೀಲು ತಡೆಯಲಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಏಂಜಲ್ ವಿಂಗ್ ಎನ್ನುತ್ತಾರೆ. ಶುರುವಿನಲ್ಲೇ ಕಂಡರೆ ರೆಕ್ಕೆಯನ್ನು ಸರಿಯಾಗಿ ಮಡಚಿ ಕೆಲವು ದಿನ ಪಟ್ಟಿ ಕಟ್ಟಿ ಸರಿಪಡಿಸಬಹುದು. ಎಲುಬು ಬಲಿತ ಮೇಲೆ ಆಗುವುದಿಲ್ಲ. ನನಗೆ ಕಂಡದ್ದು ತಡವಾಗಿ.

ಮೊಟ್ಟೆಕೋಳಿಯ ಫೀಡ್ ಅಂತೂ ಬೇಡವೇ ಬೇಡ. ಅದರಲ್ಲಿ ಶೇ 3.5–4ರಷ್ಟು ಕ್ಯಾಲ್ಸಿಯಂ ಇರುತ್ತದೆ. ಮೊಟ್ಟೆ ಇಡದ ಮರಿಗೂ ಗಂಡಿಗೂ ಅದು ಮೂತ್ರಪಿಂಡಕ್ಕೆ ಹೊರೆ. ಕೋಳಿಮರಿಗೆಂದು ಔಷಧ ಬೆರೆಸಿದ ಚೀಲಗಳೂ ಅಂಗಡಿಯಲ್ಲಿರುತ್ತವೆ. ಚೀಲದ ಮೇಲಿನ ಚೀಟಿಯನ್ನು ಪಶುವೈದ್ಯರಿಗೆ ತೋರಿಸದೆ ಅವನ್ನು ಬಳಸಬಾರದು.

ಎರಡನೆಯ ತಂಡಕ್ಕೆ ಮನೆಯ ಜೋಳವೇ ಸಾಕೆಂದು ನಿರ್ಧರಿಸಿದೆ. ಗಿರಣಿಯಲ್ಲಿ ನುಚ್ಚು ಒಡೆಸಿ ತಂದು ನೆನೆಸಿ ಹಾಕಿದೆ, ಉಳಿದ ರೊಟ್ಟಿಯನ್ನೂ ಮುರಿದು ಹಾಕಿದೆ. ಖರ್ಚು ಬಹಳ ಕಡಿಮೆ. ಎರಡನೆಯ ವಾರ ಮುಗಿಯುವಷ್ಟರಲ್ಲಿ ಒಂದು ಮರಿ ನಡೆಯುವುದನ್ನು ಬಿಟ್ಟಿತು. ನಾಲ್ಕು ಹೆಜ್ಜೆ ಇಟ್ಟು ಕಾಲಿನ ಗಂಟಿನ ಮೇಲೆ ಕುಸಿಯುತ್ತಿತ್ತು, ಎರಡೂ ಕಾಲು ಬಿಲ್ಲಿನಂತೆ ಹೊರಬಾಗಿದ್ದವು, ಬಟ್ಟಲಿನ ಹತ್ತಿರ ಹೋಗಲು ರೆಕ್ಕೆ ಊರುತ್ತಿತ್ತು. ‘ನಮ್ಮ ಜೋಳ ತಿಂದು ಯಾರು ಕೆಟ್ಟಿದ್ದಾರೆ?’ ಎಂದು ಅವ್ವ ನಂಬಲೇ ಇಲ್ಲ. ಪಶುವೈದ್ಯರು ನೋಡಿದವರೇ ನಿಯಾಸಿನ್ ಕೊರತೆ ಎಂದರು. ಅದು ಬಿ ಗುಂಪಿನ ವಿಟಮಿನ್, ಬಾತು ಮತ್ತು ಹೆಬ್ಬಾತಿನ ಮರಿಗಳಿಗೆ ಕೋಳಿಮರಿಗಿಂತ ಬಹಳ ಹೆಚ್ಚು ಬೇಕು. ಜೋಳವನ್ನೇ ನೆಚ್ಚಿಕೊಂಡಿದ್ದ ದಖ್ಖನ್‌ ಸೀಮೆಯ ಬಡವರಲ್ಲಿ ಪೆಲ್ಲಾಗ್ರ ರೋಗ ಕಾಣಿಸಿಕೊಂಡದ್ದನ್ನು ಹೈದರಾಬಾದಿನ ಪೋಷಣಾ ವಿಜ್ಞಾನಿಗಳು 1960ರ ದಶಕದಲ್ಲಿ ಅಧ್ಯಯನ ಮಾಡಿದ್ದರು. ಅದೂ ಇದೇ ನಿಯಾಸಿನ್ ಕಥೆಯೇ. ವೈದ್ಯರು ಕೊಟ್ಟ ಬಿ ಕಾಂಪ್ಲೆಕ್ಸ್ ಹನಿಯನ್ನು ನೀರಿಗೆ ಬೆರೆಸಿ, ನುಚ್ಚಿಗೆ ತೌಡು ಸೇರಿಸಿದ ಮೇಲೆ ಮರಿ ಎದ್ದು ನಿಂತಿತು. ಶೇಂಗಾ ಹಿಂಡಿಯಲ್ಲೂ ನಿಯಾಸಿನ್ ಚೆನ್ನಾಗಿದೆ, ಆದರೆ ನಾನು ಹಾಕುವುದಿಲ್ಲ. ಹಿಂಡಿಗೆ ತುಸು ತೇವ ತಗುಲಿದರೂ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಸೇರುತ್ತದೆ, ಬಾತಿನ ಜಾತಿಯ ಯಕೃತ್ತು ಆ ವಿಷವನ್ನು ತಡೆಯುವುದಿಲ್ಲ.

ಮೂರನೆಯ ತಂಡ ನಮ್ಮದೇ ಹೆಣ್ಣು ಮೂವತ್ತು ದಿನ ಕಾವು ಕೂತು ಮಾಡಿದ ಐದು ಮರಿಗಳು. ಮೂರು ವಾರ ಔಷಧವಿಲ್ಲದ ಚೀಲದ ಫೀಡ್, ಜೊತೆಗೆ ತೌಡು. ನಾಲ್ಕನೆಯ ವಾರದಿಂದ ಹಗಲೆಲ್ಲ ಕರಿಕೆ ಮೇಯಲು ಬಿಟ್ಟೆ, ಸಂಜೆ ಮಾತ್ರ ಒಂದೊಂದು ಹಿಡಿ ಗೋಧಿ. ಅವು ಮೇಯುವುದನ್ನು ಹತ್ತಿರ ಕೂತು ನೋಡಬೇಕು. ಕೊಕ್ಕಿನ ಅಂಚಿನ ಗರಗಸದಲ್ಲಿ ಎಳೆ ತುದಿಯನ್ನು ಕಚ್ಚಿ, ಕತ್ತನ್ನು ಓರೆ ಮಾಡಿ ಪರಕ್ಕನೆ ಹರಿದು, ನುಂಗುವ ಮೊದಲೇ ಮುಂದಿನ ಎಸಳಿಗೆ ಕಣ್ಣು ಹಾಕುತ್ತವೆ. ಐದಕ್ಕೂ ಕಾಲು ನೆಟ್ಟಗೆ, ರೆಕ್ಕೆ ನೆಟ್ಟಗೆ. ಬ್ರಾಯ್ಲರ್ ಫೀಡಿನ ತಂಡದಷ್ಟು ಬೇಗ ತೂಕ ಬರಲಿಲ್ಲ. ಇಪ್ಪತ್ತು ವರ್ಷ ಬದುಕಬಲ್ಲ ಹಕ್ಕಿಗೆ ಅಷ್ಟು ಅವಸರವೇಕೆ? ಸಾಕುವವರು ಹುಲ್ಲನ್ನೇ ಊಟವೆಂದೂ ಕಾಳನ್ನು ನಂಜಿಕೊಳ್ಳುವ ಪದಾರ್ಥವೆಂದೂ ತಿಳಿಯಬೇಕು.

ತೊಡಕಿರುವುದು ನಮ್ಮ ಊರಿನ ಹವೆಯಲ್ಲಿ. ಮಳೆಗಾಲ ಮುಗಿದ ಮೇಲೆ ಹಸಿರು ಉಳಿಯುವುದಿಲ್ಲ, ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಆಗ ಕುದುರೆ ಮೆಂತೆ ಎಂಬ ಮೇವಿನ ಸೊಪ್ಪು ತರುತ್ತೇನೆ. ದೊಡ್ಡ ಹಕ್ಕಿಗಳಿಗೆ ಅದು ಒಳ್ಳೆಯದೇ. ಬೆಳೆಯುವ ಮರಿಗೆ ಮಾತ್ರ ಸ್ವಲ್ಪವೇ ಸಾಕು, ಅದರಲ್ಲೂ ಪ್ರೋಟೀನ್ ಹೆಚ್ಚು. ಕಾಯಿಪಲ್ಯೆ ಮಾರುಕಟ್ಟೆಯಲ್ಲಿ ಉಳಿದ ಮೂಲಂಗಿ ಎಲೆ, ಕೊತ್ತಂಬರಿ, ಕೋಸಿನ ಹೊರಎಲೆ ಅಗ್ಗ. ಅವನ್ನು ಎರಡು ನೀರಿನಲ್ಲಿ ತೊಳೆದೇ ಹಾಕುತ್ತೇನೆ. ತಿಕೋಟಾ ಕಡೆಯ ದ್ರಾಕ್ಷಿ ಪಡದ ಹುಲ್ಲು ಸೊಂಪಾಗಿರುತ್ತದೆ, ಪುಕ್ಕಟೆಯೂ ಸಿಗುತ್ತದೆ. ದ್ರಾಕ್ಷಿಗೆ ಎಷ್ಟು ಔಷಧ ಹೊಡೆಯುತ್ತಾರೆಂದು ಗೊತ್ತಿರುವ ನಾನು ಅದನ್ನು ಮುಟ್ಟುವುದಿಲ್ಲ. ಕೊಯ್ದು ತಂದ ಹುಲ್ಲು ಯಾವುದೇ ಆಗಲಿ, ಬೆರಳುದ್ದಕ್ಕೆ ಕತ್ತರಿಸಿ ಹಾಕಬೇಕು, ಉದ್ದದ ಎಳೆಗಳು ಗಂಟಲ ಕೆಳಗೆ ಸುತ್ತಿಕೊಂಡು ಕಟ್ಟಿಬಿಡುತ್ತವೆ.

ನಮ್ಮದು ಎರೆಭೂಮಿ, ಅದರಲ್ಲಿ ಹರಳಿಲ್ಲ. ಹಲ್ಲಿಲ್ಲದ ಹಕ್ಕಿ ಹುಲ್ಲು ಅರೆಯಲು ಹೊಟ್ಟೆಯಲ್ಲಿ ಹರಳು ಬೇಕೇ ಬೇಕು, ಹಾಗಾಗಿ ಒಂದು ಬಾಂಡ್ಲಿ ಸಣ್ಣ ಗರಸು ಮೂಲೆಯಲ್ಲಿ ಸದಾ ಇರುತ್ತದೆ.

ನೀರಿನ ವಿಷಯದಲ್ಲೂ ಎರಡನ್ನು ಮಾಡಿ ನೋಡಿದೆ. ಮೊದಲು ತೋಡಿದ ಗುಂಡಿ ವಾರದಲ್ಲಿ ಹಸಿರುಗಟ್ಟಿ ನಾರಿತು. ಬೇಸಿಗೆಯಲ್ಲಿ ಅಂಥ ಕೊಳೆನೀರಿನಿಂದ ಕತ್ತು ಜೋಲು ಬೀಳುವ ಬಾಟುಲಿಸಂ ಬರುತ್ತದೆ ಎಂದು ತಿಳಿದ ದಿನವೇ ಮುಚ್ಚಿಸಿದೆ. ಈಗ ದೊಡ್ಡವಕ್ಕೆ ಒಂದು ಮೊಳ ಆಳದ ಪ್ಲಾಸ್ಟಿಕ್ ಬುಟ್ಟಿ ಇಟ್ಟಿದ್ದೇನೆ. ಕಣ್ಣು ಮುಳುಗುವವರೆಗೆ ತಲೆ ಅದ್ದಿದರೆ ಮಾತ್ರ ಮೂಗಿನ ಹೊರಳೆಗೆ ಮೆತ್ತಿದ ನುಚ್ಚು ತೊಳೆದುಹೋಗುತ್ತದೆ. ಬೆಳಿಗ್ಗೆ ಸಂಜೆ ಆ ನೀರನ್ನು ಬೇಲಿಯ ಬುಡಕ್ಕೆ ಚೆಲ್ಲುತ್ತೇನೆ. ಮೇ ತಿಂಗಳಲ್ಲೂ ನಮ್ಮ ಹಿತ್ತಿಲಿನಲ್ಲಿ ಕರಿಕೆ ಹಸಿರಾಗಿರುವುದು ಆ ಒಂದು ಸಾಲಿನಲ್ಲಿ ಮಾತ್ರ, ಬಾಗಿಲು ತೆರೆದ ಕೂಡಲೇ ಏಳೆಂಟೂ ಓಡುವುದು ಅಲ್ಲಿಗೇ.